ಗೊತ್ತಪ್ಪನವರ ದಪ್ಪ ಗೆರೆ

ವಿವಾಹ ನೋಂದಣಿ ಕಚೇರಿಯ ಎರಡನೆಯ ಗುಮಾಸ್ತರಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಅದು ಸಂಬಳದ ಪಟ್ಟಿಯಲ್ಲಿ ಮಾತ್ರ ಬದುಕಿತ್ತು. ಉಳಿದ ಲೋಕಕ್ಕೆಲ್ಲ ಅವರು ಗೊತ್ತಪ್ಪ. ಯಾರೇ ಏನೇ ಹೇಳಲು ಬಾಯಿ ತೆರೆಯಲಿ, ಮಾತು ಅರ್ಧ ದಾರಿಗೆ ಬರುವಷ್ಟರಲ್ಲಿ ಅವರು ತಲೆಯಾಡಿಸಿ “ಗೊತ್ತು, ಗೊತ್ತು” ಎನ್ನುತ್ತಿದ್ದರು. ಹೊಸ ಸೇತುವೆ ಯಾಕೆ ಬಿರುಕು ಬಿಟ್ಟಿತು? ಗೊತ್ತು. ಪಕ್ಕದ ಮನೆಯ ನಾಯಿ ಯಾಕೆ ಊಟ ಬಿಟ್ಟಿದೆ? ಅದೂ ಗೊತ್ತು. “ಏನು ಗೊತ್ತು?” ಎಂದು ತಿರುಗಿ ಕೇಳುವ ಕೆಟ್ಟ ಅಭ್ಯಾಸ ಜನರಿಗೆ ಇಲ್ಲದ್ದರಿಂದ ಬಹಳ ಕಾಲ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಅವರು ಸುಳ್ಳುಗಾರರಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ‘ಗೊತ್ತಿಲ್ಲ’ ಎನ್ನುವುದು ಅವರಿಗೆ ನಡುಬೀದಿಯಲ್ಲಿ ಉಟ್ಟ ಬಟ್ಟೆ ಜಾರಿದಷ್ಟು ನಾಚಿಕೆಯ ಸಂಗತಿ, ಅಷ್ಟೆ.

ಹೀಗಿರಲು ಒಂದು ಬೆಳಿಗ್ಗೆ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಕಚೇರಿಯ ಕೆಲಸವೆಲ್ಲ ಇನ್ನು ಮುಂದೆ ಕಂಪ್ಯೂಟರಿನಲ್ಲೇ ನಡೆಯಬೇಕು. ಅರ್ಜಿಯೊಂದು ಎಲ್ಲಿ ಹುಟ್ಟಿ, ಯಾರ ಕೈಯಿಂದ ಯಾರ ಕೈಗೆ ಹೋಗಿ, ಎಲ್ಲಿ ಮುಗಿಯುತ್ತದೆ ಎಂಬುದನ್ನು ಬಾಣಗಳಿಂದ ತೋರಿಸುವ ಒಂದು ಚಿತ್ರವನ್ನು ಆಯಾ ಕಚೇರಿಯವರೇ ಬರೆದು ಕೊಡಬೇಕು. ಆ ಚಿತ್ರದಲ್ಲಿ ಇದ್ದಂತೆಯೇ ಕಂಪ್ಯೂಟರು ನಡೆದುಕೊಳ್ಳುತ್ತದೆ.

ಅಧಿಕಾರಿಗಳು ನಿವೃತ್ತಿಯ ಹೊಸ್ತಿಲಲ್ಲಿದ್ದವರು. ಹೊಸದೇನೇ ಬಂದರೂ ಕನ್ನಡಕ ತೆಗೆದು, ಅದನ್ನು ಒರೆಸುತ್ತ ಒರೆಸುತ್ತ, ಬಂದದ್ದು ತಾನಾಗಿ ಹೊರಟುಹೋಗಲಿ ಎಂದು ಕಾಯುವ ಸ್ವಭಾವ. ಸುತ್ತೋಲೆ ಮಾತ್ರ ಹೋಗಲಿಲ್ಲ.

“ಆಕ್ಟಿವಿಟಿ ಡಯಾಗ್ರಾಮ್ ಅಂತ ಬರೆದಿದಾರಲ್ರೀ,” ಎಂದರು. “ಚಟುವಟಿಕೆ ನಕ್ಷೆ ಅಂತೆ. ಏನ್ರೀ ಇದು? ನಿಮ್ಮಲ್ಲಿ ಯಾರಿಗಾದ್ರೂ...”

“ಗೊತ್ತು ಸಾರ್,” ಎಂದರು ಗೊತ್ತಪ್ಪನವರು.

ಕಚೇರಿಯ ಉಳಿದವರೆಲ್ಲ ತಕ್ಷಣ ತಮ್ಮ ತಮ್ಮ ಕಡತಗಳ ಮೇಲೆ ಬಾಗಿದರು. ಅಧಿಕಾರಿಗಳು ಸುತ್ತೋಲೆಯನ್ನು ಬಿಸಿ ಪಾತ್ರೆ ದಾಟಿಸುವವರಂತೆ ದಾಟಿಸಿದರು.

ಸುತ್ತೋಲೆಯ ಮೊದಲ ಪುಟದಲ್ಲಿ ಮಾದರಿ ಚಿತ್ರವಿತ್ತು: ಮೇಲೆ ಒಂದು ಕಪ್ಪು ಚುಕ್ಕೆ, ಕೆಳಗೆ ಮೂಲೆ ಉಜ್ಜಿದ ಪೆಟ್ಟಿಗೆಗಳು, ನಡುನಡುವೆ ವಜ್ರದಂಥ ಆಕಾರಗಳು, ಅಲ್ಲಲ್ಲಿ ಅಡ್ಡಕ್ಕೆ ದಪ್ಪ ಗೆರೆಗಳು, ಕೊನೆಯಲ್ಲಿ ಬಳೆ ತೊಟ್ಟ ಇನ್ನೊಂದು ಚುಕ್ಕೆ. ಯಾವುದಕ್ಕೆ ಏನರ್ಥ ಎಂಬುದು ಎರಡನೆಯ ಪುಟದಲ್ಲಿತ್ತು. ಎರಡರಲ್ಲಿ ಒಂದೇ ದಾರಿ ಹಿಡಿಯಬೇಕಾದ ಕಡೆ ವಜ್ರ ಬರೆಯಬೇಕು. ಎರಡು ಕೆಲಸವೂ ಒಟ್ಟೊಟ್ಟಿಗೆ ಆಗಬೇಕಾದ ಕಡೆ ದಪ್ಪ ಗೆರೆ ಎಳೆಯಬೇಕು. ಆದರೆ ಗೊತ್ತಿರುವವರು ಎರಡನೆಯ ಪುಟ ಓದುವುದಿಲ್ಲ.

ಅಂದು ಸಂಜೆ ಮನೆಯಲ್ಲಿ ಊಟದ ಮೇಜಿನ ಮೇಲೆ ದೊಡ್ಡ ಹಾಳೆ ಹರಡಿತು. ಚುಕ್ಕೆ ಚೆನ್ನಾಗಿ ಬಂತು. ಪೆಟ್ಟಿಗೆಗಳೂ ಬಂದವು. ‘ಅರ್ಜಿ ಸ್ವೀಕರಿಸುವುದು’, ‘ಅರ್ಜಿ ಪರಿಶೀಲಿಸುವುದು’. ತೊಂದರೆ ಕೊಟ್ಟದ್ದು ವಜ್ರ. ಮೊದಲನೆಯದು ಗಾಳಿಪಟವಾಯಿತು. ಎರಡನೆಯದು ಮೀನಾಯಿತು. ಮೂರನೆಯದು ಏನಾಯಿತೋ, ಅವರು ಅದನ್ನು ಹೆಂಡತಿ ನೋಡುವ ಮೊದಲೇ ಅಳಿಸಿಹಾಕಿದರು. ಆಗ ದಪ್ಪ ಗೆರೆಯ ನೆನಪಾಯಿತು. ಮಾರ್ಕರ್ ಪೆನ್ನು ಹಿಡಿದು ಎಡದಿಂದ ಬಲಕ್ಕೆ ಒಮ್ಮೆ ಎಳೆದರೆ ಸಾಕು, ಏನು ಗಾಂಭೀರ್ಯ, ಏನು ಅಧಿಕಾರ. ಹೇಗೂ ವಜ್ರದಿಂದಲೂ ಗೆರೆಯಿಂದಲೂ ಎರಡೆರಡು ಬಾಣ ತಾನೇ ಹೊರಡುವುದು? ಪರಿಶೀಲನೆಯ ಕೆಳಗೆ ಗೆರೆ ಎಳೆದೇಬಿಟ್ಟರು. ಎಡಕ್ಕೆ ಒಂದು ಬಾಣ: ‘ಅಂಗೀಕಾರ, ವರನಿಗೆ ಪತ್ರ’. ಬಲಕ್ಕೆ ಒಂದು ಬಾಣ: ‘ತಿರಸ್ಕಾರ, ವಧುವಿನ ತಂದೆಗೆ ಪತ್ರ’. ವರ ಒಂದು ಕಡೆ, ವಧು ಒಂದು ಕಡೆ ಇದ್ದರೆ ನೋಡಲು ಸಮತೂಕವಾಗಿರುತ್ತದೆ ಎಂಬುದೊಂದೇ ಅದರ ಹಿಂದಿದ್ದ ಆಲೋಚನೆ.

ಇಸ್ತ್ರಿ ಮಾಡುತ್ತಿದ್ದ ಹೆಂಡತಿ ಬಗ್ಗಿ ನೋಡಿದರು. “ಈ ಗೆರೆ ಆದ್ಮೇಲೆ ಅರ್ಜಿ ಎಡಕ್ಕೆ ಹೋಗುತ್ತೋ ಬಲಕ್ಕೋ?”

“ಅದು ಅರ್ಜಿಗೆ ಗೊತ್ತಿರುತ್ತೆ,” ಎಂದರು ಗೊತ್ತಪ್ಪನವರು.

ಕೆಲವು ದಿನಗಳ ಮೇಲೆ ಕಂಪ್ಯೂಟರ್ ಕಂಪನಿಯಿಂದ ಒಬ್ಬ ಇಂಜಿನಿಯರ್ ಮೇಡಂ ಬಂದರು. ಸಣ್ಣ ವಯಸ್ಸು, ಸಣ್ಣ ದನಿ. ನಕ್ಷೆಯನ್ನು ನೋಡಿ, ಇನ್ನೊಮ್ಮೆ ನೋಡಿ, ಪೆನ್ನಿನ ಮುಚ್ಚಳವನ್ನು ಗೆರೆಯ ಮೇಲಿಟ್ಟರು.

“ಸಾರ್, ಇಲ್ಲಿ ದಪ್ಪ ಗೆರೆ ಹಾಕಿದೀರ. ಅಂಗೀಕಾರ, ತಿರಸ್ಕಾರ ಎರಡೂ ಆಗ್ಬೇಕಾ?”

“ಎರಡೂ ಇರಬೇಕಲ್ಲಮ್ಮ. ಕಚೇರಿ ಅಂದ್ಮೇಲೆ ಅಂಗೀಕಾರನೂ ಇರುತ್ತೆ, ತಿರಸ್ಕಾರನೂ ಇರುತ್ತೆ.”

“ಒಂದೇ ಅರ್ಜಿಗಾ ಸಾರ್?”

“ಎಲ್ಲಾ ಅರ್ಜಿಗೂ. ನಾವು ಭೇದಭಾವ ಮಾಡೋ ಹಾಗಿಲ್ಲ.”

ಮೇಡಂ ಟಿಪ್ಪಣಿ ಪುಸ್ತಕ ತೆರೆದರು. ಬಹಳ ಕಚೇರಿಗಳನ್ನು ನೋಡಿದವರು; ಆಶ್ಚರ್ಯಪಡುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. “ತಿರಸ್ಕಾರಕ್ಕೆ ಕಾರಣ ಯಾವುದು ಅಂತ ಬರಲಿ ಸಾರ್?”

“ಕಾರಣಗಳ ಪಟ್ಟಿ ಇದೆಯಲ್ಲ. ಮೊದಲನೇದರಿಂದ ಶುರು ಮಾಡಿ.”

“ನೀವು ಒಂದ್ಸಲ ವಿವರಣೆ ಪುಟ ನೋಡಿಬಿಟ್ಟಿದ್ರೆ...”

“ಗೊತ್ತು, ಗೊತ್ತು,” ಎಂದು ಗೊತ್ತಪ್ಪನವರು ಕೈ ಚಾಚಿ, ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಹಾಕಿಕೊಟ್ಟರು. ಪಟ್ಟಿಯ ಮೊದಲ ಕಾರಣ ‘ವರನಿಗೆ ಈಗಾಗಲೇ ಒಬ್ಬ ಹೆಂಡತಿ ಇರುವುದು ಕಂಡುಬಂದಿದೆ’ ಎಂಬುದು ಆ ಕ್ಷಣದಲ್ಲಿ ಅವರ ನೆನಪಿಗೆ ಬರಲಿಲ್ಲ.

ಅಧಿಕಾರಿಗಳಿಗೆ ನಕ್ಷೆ ಎಷ್ಟು ಹಿಡಿಸಿತೆಂದರೆ, ಅದಕ್ಕೆ ಚೌಕಟ್ಟು ಹಾಕಿಸಿ ಬಾಗಿಲಿನ ಎದುರಿಗೇ ತೂಗುಹಾಕಿಸಿದರು. ಬಂದವರು ಅದನ್ನು ರೈಲು ಮಾರ್ಗದ ನಕ್ಷೆಯೆಂದುಕೊಂಡು ತಮ್ಮ ನಿಲ್ದಾಣ ಹುಡುಕುತ್ತಿದ್ದರು. ಗೊತ್ತಪ್ಪನವರು ದಿನಕ್ಕೆ ಹಲವು ಸಲ ನೀರು ಕುಡಿಯುವ ನೆಪದಲ್ಲಿ ಅದರ ಮುಂದೆ ಹಾದುಹೋಗುತ್ತಿದ್ದರು.

ಇಲ್ಲಿ ಅವರ ಮಾವನ ಕಡೆಯವರನ್ನು ಪರಿಚಯಿಸಬೇಕು. ಮಾವ ಜೀವಮಾನವಿಡೀ ಕೋರ್ಟಿನ ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರು ಕೂಗಿದವರು. ನಿವೃತ್ತರಾದ ಮೇಲೆ ಕೆಲಸ ಹೋಯಿತು, ದನಿ ಹೋಗಲಿಲ್ಲ. ಅವರ ಫೋನು ಬಂದರೆ ಅದನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿಯುವುದು ಮನೆಮಂದಿಯ ರೂಢಿ. ಅವರ ಕಿರಿಯ ಮಗಳು, ಅಂದರೆ ಗೊತ್ತಪ್ಪನವರ ನಾದಿನಿ, ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳಿಗೆ ಈಚೆಗಷ್ಟೇ ಒಬ್ಬ ಲಿಫ್ಟ್ ಮೆಕ್ಯಾನಿಕ್ಕಿನ ಜೊತೆ ಮದುವೆಯಾಗಿತ್ತು. ಕಡಿಮೆ ಮಾತಿನ, ಕೈ ತುಂಬ ಗ್ರೀಸಿನ, ಒಳ್ಳೆಯ ಹುಡುಗ. ಅವನ ಕಂಪನಿಯವರು ಮನೆ ಕೊಡಲು ಒಪ್ಪಿದ್ದರು; ಮದುವೆಯ ಪ್ರಮಾಣಪತ್ರ ತೋರಿಸಬೇಕಿತ್ತು. ಅರ್ಜಿ ಗೊತ್ತಪ್ಪನವರ ಕಚೇರಿಗೇ ಬಂತು.

ಕಂಪ್ಯೂಟರು ಶುರುವಾಯಿತು. ಅದು ನಿಷ್ಠಾವಂತ ಯಂತ್ರ; ನಕ್ಷೆಯಲ್ಲಿದ್ದಂತೆಯೇ ನಡೆದುಕೊಂಡಿತು. ಊರಿನ ಪ್ರತಿ ಮದುಮಗನ ಮನೆಗೆ ‘ನಿಮ್ಮ ವಿವಾಹ ನೋಂದಣಿಯಾಗಿದೆ, ಅಭಿನಂದನೆಗಳು’ ಎಂಬ ಪತ್ರ ಹೋಯಿತು. ಅದೇ ಅಂಚೆಯಲ್ಲಿ ಪ್ರತಿ ಮದುಮಗಳ ತಂದೆಗೆ ‘ತಿರಸ್ಕರಿಸಲಾಗಿದೆ, ವರನಿಗೆ ಈಗಾಗಲೇ ಒಬ್ಬ ಹೆಂಡತಿ ಇರುವುದು ಕಂಡುಬಂದಿದೆ’ ಎಂಬ ಪತ್ರ ಹೋಯಿತು.

ಮಾವನ ಫೋನು ಬಂದಾಗ ಗೊತ್ತಪ್ಪನವರು ಪಕ್ಕದ ವಿಭಾಗದವರಿಗೆ ನಕ್ಷೆಯನ್ನು ವಿವರಿಸುತ್ತಿದ್ದರು. ಫೋನನ್ನು ರೂಢಿಯಂತೆ ಮೊಳ ದೂರ ಹಿಡಿದರು. ಗದ್ದಲ ಕೇಳಿಸಿತು, ಮಾತು ಅಲ್ಲೊಂದು ಇಲ್ಲೊಂದು ಸಿಕ್ಕಿತು.

“ಅಳಿಯಂದ್ರೇ, ಹುಡುಗನ ವಿಷಯ ನಿಮಗೆ ಗೊತ್ತಿತ್ತಾ?”

ಮೆಕ್ಯಾನಿಕ್ಕಿಗೆ ರಾತ್ರಿ ಪಾಳಿ ಇರುವ ವಿಷಯವಿರಬೇಕು ಎಂದುಕೊಂಡರು ಗೊತ್ತಪ್ಪನವರು. “ಗೊತ್ತು ಮಾವ.”

“ಯಾವಾಗಿಂದ?”

“ಮದುವೆಗೆ ಮುಂಚಿನಿಂದಲೇ ಗೊತ್ತು.”

ಆ ಕಡೆ ಉಸಿರು ಮಾತ್ರ ಕೇಳಿಸಿತು. ಅದೂ ಜೋರಾಗಿಯೇ.

“ಮತ್ತೆ ನಮಗ್ಯಾಕೆ ಹೇಳ್ಲಿಲ್ಲ?”

“ಅದರಲ್ಲಿ ಹೇಳೋದೇನಿದೆ ಮಾವ. ಈಗ ಸುಮಾರು ಜನಕ್ಕೆ ಇರೋದೇ. ವಾರದಲ್ಲಿ ಕೆಲವು ರಾತ್ರಿ ಅಲ್ಲಿ, ಉಳಿದಿದ್ದು ಮನೇಲಿ. ಹುಡುಗಿಗೆ ಮೊದಮೊದಲು ಬೇಜಾರಾಗುತ್ತೆ, ಆಮೇಲೆ ಹೊಂದ್ಕೋತಾಳೆ.”

ಫೋನು ಕಟ್ಟಾಯಿತು. ಮಾವ ಎಂದೂ ಇಷ್ಟು ಬೇಗ ಒಪ್ಪಿಕೊಂಡವರಲ್ಲವಲ್ಲ ಎಂದು ಗೊತ್ತಪ್ಪನವರಿಗೆ ಸಂತೋಷವೇ ಆಯಿತು.

ಸಂಜೆ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದರು.

“ನಿಮಗೆ ಗೊತ್ತಿತ್ತಂತೆ?”

ಆ ದನಿ ಕೇಳಿ ಗೊತ್ತಪ್ಪನವರು ಸಂಸಾರ ಹೂಡಿದ ಮೇಲೆ ಮೊದಲ ಬಾರಿಗೆ “ಯಾವುದು?” ಎಂದು ಕೇಳಿದರು.

ಹೆಂಡತಿ ಅಪ್ಪ ತಂದುಕೊಟ್ಟಿದ್ದ ಪತ್ರ ಮುಂದೆ ಹಿಡಿದರು. ಅವರು ಓದಿದರು. ಕಚೇರಿಯ ಕಾಗದ, ಕಚೇರಿಯ ಮೊಹರು. ಇಲ್ಲಿ ಬುದ್ಧಿವಂತನಾದವನು ಒಂದು ಗಳಿಗೆ ಯೋಚಿಸುತ್ತಿದ್ದ. ಗೊತ್ತಪ್ಪನವರು ಮೊಹರು ಕಂಡ ಮೇಲೆ ಯೋಚಿಸುವವರಲ್ಲ. “ನೋಡಿದ್ಯಾ, ಗ್ರೀಸು ಒರೆಸ್ಕೊಂಡು ಎಷ್ಟು ಸುಭಗನ ಹಾಗಿದ್ದ,” ಎಂದರು. ತಮಗೆ ಗೊತ್ತಿರಲಿಲ್ಲ ಎಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಬರುವಂತಿರಲಿಲ್ಲ. ಅವರು ಹೇಳಲಿಲ್ಲ.

ಮಾವ, ಗೊತ್ತಪ್ಪನವರು, ಹಿಂದೆ ಹೆಂಡತಿ, ಹೀಗೆ ಮೆರವಣಿಗೆ ಬೀಗರ ಮನೆಗೆ ಹೊರಟಿತು. ನಾದಿನಿ ಆಗಲೇ ತವರಿಗೆ ಬಂದು ಕೋಣೆಯ ಅಗುಳಿ ಹಾಕಿಕೊಂಡಿದ್ದಳು. ಬೀಗಿತ್ತಿ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಕೊರಳಲ್ಲಿ ಅಳತೆ ಟೇಪು, ತುಟಿಗಳ ನಡುವೆ ಗುಂಡುಸೂಜಿ. ಮಾವ ಬಾಗಿಲಲ್ಲಿ ನಿಂತು, ಹಳೆಯ ಅಭ್ಯಾಸದಂತೆ ಗಂಟಲು ಸರಿಮಾಡಿಕೊಂಡು, ಆರೋಪವನ್ನು ಬೀದಿಯ ಎರಡೂ ತುದಿಗೆ ಕೇಳುವಂತೆ ಓದಿದರು. ಎದುರು ಮನೆಯ ಕಿಟಕಿಗಳು ತೆರೆದವು. ಅಂಗಿಯ ಅಳತೆ ಕೊಡುತ್ತಿದ್ದ ಗಿರಾಕಿ ಎತ್ತಿದ ಕೈಗಳನ್ನು ಇಳಿಸುವುದನ್ನೇ ಮರೆತ.

ಬೀಗಿತ್ತಿ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು.

“ನನ್ನ ಮಗನಿಗೆ ಇಬ್ಬರು ಹೆಂಡತಿನಾ? ಅವನಿಗೆ ಎರಡು ಜೊತೆ ಚಪ್ಪಲಿ ಸರಿಯಾಗಿ ಇಟ್ಕೊಳ್ಳೋಕೆ ಬರಲ್ಲ,” ಎಂದು ಒಳಗೆ ಹೋಗಿ ತಮ್ಮ ಪತ್ರ ತಂದರು. “ಇದೇನು ಹಾಗಾದ್ರೆ? ಅಭಿನಂದನೆ ಅಂತ ಬರೆದಿದೆಯಲ್ಲ.”

ಎರಡು ಪತ್ರ ಅಕ್ಕಪಕ್ಕ ಬಂದವು. ಒಂದೇ ದಿನಾಂಕ, ಒಂದೇ ಮೊಹರು. ಬೀದಿಯ ಕಣ್ಣೆಲ್ಲ ಗೊತ್ತಪ್ಪನವರ ಮೇಲೆ ಬಿತ್ತು.

“ನೀವು ಆ ಕಚೇರಿಯವರು,” ಎಂದರು ಬೀಗಿತ್ತಿ. “ಯಾವುದು ಸರಿ?”

“ಎರಡೂ ನಮ್ಮ ಕಚೇರಿದೇ. ಎರಡೂ ಸರಿ ಇದೆ.”

“ಮದುವೆ ಆಗಿದೆ ಅನ್ನೋದೂ ಸರಿ, ಆಗಿಲ್ಲ ಅನ್ನೋದೂ ಸರಿ?”

“ಅದು... ಪ್ರಕ್ರಿಯೆ ಹಾಗಿರುತ್ತಮ್ಮ.”

ಮೆಕ್ಯಾನಿಕ್ ಅಷ್ಟರಲ್ಲಿ ಕೆಲಸದಿಂದ ಬಂದು ಗುಂಪಿನ ಹಿಂದೆ ನಿಂತಿದ್ದ. ಅವನು ಹೇಳಿದ್ದು ಇಷ್ಟೇ: “ಭಾವ, ನನಗೆ ಇನ್ನೊಬ್ಬ ಹೆಂಡತಿ ಇರೋದು ನಿಮಗೆ ಗೊತ್ತು ಅಂದ್ರಂತೆ. ಅವಳ ಹೆಸರಾದ್ರೂ ಹೇಳಿ.”

ಗೊತ್ತಪ್ಪನವರು ಕೆಮ್ಮಿದರು. ಬಹಳ ಹೊತ್ತು ಕೆಮ್ಮಿದರು. ಗಿರಾಕಿ ಕೈ ಎತ್ತಿಕೊಂಡೇ ನೀರು ತರಲು ಹೋದ.

ಮರುದಿನ ಕಚೇರಿಯ ಬಾಗಿಲು ತೆರೆಯುವ ಮೊದಲೇ ಬೀದಿಯ ತಿರುವಿನವರೆಗೆ ಜನ ನಿಂತಿದ್ದರು. ಬೇಕರಿಯವನ ಮಾವ ಬೇಕರಿಯವನ ಕಾಲರ್ ಹಿಡಿದುಕೊಂಡೇ ಬಂದಿದ್ದರು, ಆಟೋದಲ್ಲೂ ಬಿಟ್ಟಿರಲಿಲ್ಲವಂತೆ. ಮೊಮ್ಮಕ್ಕಳನ್ನು ಕಂಡ ಮೇಲೆ ಪಿಂಚಣಿಯ ಸಲುವಾಗಿ ಮದುವೆ ನೋಂದಾಯಿಸಿದ ಒಬ್ಬ ಮುದುಕರೂ ಅವರ ಹೆಂಡತಿಯೂ ಇದ್ದರು. ವಧುವಿನ ತಂದೆ ತೀರಿಕೊಂಡು ಎಷ್ಟೋ ಕಾಲವಾಗಿದ್ದರೂ ಅವರ ವಿಳಾಸಕ್ಕೆ ಹೋದ ಪತ್ರವನ್ನು ಅಜ್ಜಿಯ ತಮ್ಮ ತೆಗೆದು ಓದಿದ್ದರು.

“ಯಾರವಳು, ಇವತ್ತು ಹೇಳಲೇಬೇಕು,” ಎನ್ನುತ್ತಿದ್ದರು ಅಜ್ಜಿ.

“ಯಾರೂ ಇಲ್ಲ ಕಣೇ,” ಎನ್ನುತ್ತಿದ್ದರು ಮುದುಕರು. ಆದರೆ ಅವರು ಅಂದು ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ್ದರು. ಇಷ್ಟು ವಯಸ್ಸಿಗೆ ಸರ್ಕಾರ ತಮ್ಮ ಮೇಲೆ ಇಂಥ ನಂಬಿಕೆ ಇಟ್ಟದ್ದು ಅವರಿಗೆ ಸಂಪೂರ್ಣ ಅಪ್ರಿಯವಾಗಿದ್ದಂತೆ ಕಾಣಲಿಲ್ಲ. ಗುಂಪಿನ ನಡುವೆ ಒಬ್ಬ ಮಾತ್ರ ಯಾರೊಡನೆಯೂ ಜಗಳವಾಡದೆ, ತನ್ನ ಮಾವನಿಗೆ ಬಂದ ತಿರಸ್ಕಾರದ ಪತ್ರವನ್ನು ಕೆಡದಂತೆ ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿಸಬಹುದೇ ಎಂದು ವಿಚಾರಿಸುತ್ತಿದ್ದ.

ಅಧಿಕಾರಿಗಳು ಕನ್ನಡಕ ಒರೆಸಿದರು. ಜನ ಹೋಗಲಿಲ್ಲ. ಕೊನೆಗೆ ಇಂಜಿನಿಯರ್ ಮೇಡಂಗೆ ಹೇಳಿಕಳಿಸಿದರು. ಅವರು ಬಂದು, ಗುಂಪಿನ ನಡುವೆ ದಾರಿ ಬಿಡಿಸಿಕೊಂಡು, ಗೋಡೆಯ ಮೇಲಿನ ಚೌಕಟ್ಟಿನ ಮುಂದೆ ನಿಂತರು.

“ಕಂಪ್ಯೂಟರಿಂದು ತಪ್ಪಿಲ್ಲ ಸಾರ್. ಎರಡರಲ್ಲಿ ಒಂದು ಆಗ್ಬೇಕಾದ್ರೆ ಇಲ್ಲಿ ವಜ್ರ ಇರಬೇಕು. ದಪ್ಪ ಗೆರೆ ಇದ್ರೆ ಎರಡೂ ಆಗುತ್ತೆ. ನಾನು ಕೇಳಿದ್ದೆ.” ಅವರು ಗೊತ್ತಪ್ಪನವರ ಮುಖ ನೋಡಲಿಲ್ಲ. ಪಾಪ, ನೋಡಲು ಅವರಿಗೇ ಸಂಕೋಚವಾಗಿತ್ತು.

ಗುಂಪಿನಿಂದ ಮಾವ ಮುಂದೆ ಬಂದರು. ನಕ್ಷೆಗೆ ಬೆರಳು ತೋರಿಸಿ ಕೇಳಿದರು: “ಅಳಿಯಂದ್ರೇ, ಆ ಗೆರೆಗೆ ಏನರ್ಥ ಅಂತ ನಿಮಗೆ ಗೊತ್ತಿತ್ತಾ?”

ಗೊತ್ತಪ್ಪನವರ ಬಾಯಿ ತೆರೆಯಿತು. ಹಳೆಯ ಮಾತು ಗಂಟಲಿನವರೆಗೆ ಬಂತು. ಎದುರಿಗೆ ಮೊದಲ ಸಾಲಿನಲ್ಲಿ ಹೆಂಡತಿ ನಿಂತಿದ್ದರು; ಅವರು ತಲೆ ತಗ್ಗಿಸಿ ಚೀಲದ ಹಿಡಿಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದರು. ಗೊತ್ತಪ್ಪನವರ ಕಿವಿಯ ತುದಿ ಮೊದಲು ಕೆಂಪಾಯಿತು, ಆಮೇಲೆ ಕೆನ್ನೆ, ಆಮೇಲೆ ಕತ್ತು. ತಮ್ಮ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಂದನ್ನು ಜೇಬಿಗೆ ಹಾಕಿದರು, ಹೊರಗೆ ತೆಗೆದರು.

“ಗೊತ್ತಿರಲಿಲ್ಲ ಮಾವ,” ಎಂದರು. ಇರುವೆಗೆ ಕೇಳುವಷ್ಟು ದನಿ.

ಮಾವನಿಗೆ ಅಳಿಯನನ್ನು ಅವಮಾನ ಮಾಡಬೇಕೆಂದಿರಲಿಲ್ಲ. ಆದರೆ ಹಿಂದಿನ ಸಾಲಿನವರಿಗೂ ಕೇಳಿಸುವಂತೆ ಹೇಳುವುದು ಅವರ ರಕ್ತದಲ್ಲೇ ಬೆರೆತಿತ್ತು. ಅವರು ಬಾಗಿಲ ಕಡೆ ತಿರುಗಿ ಕೂಗಿದರು:

“ಗೊತ್ತಿರಲಿಲ್ಲವಂತೆ.”

ಅದು ಕಾರಿಡಾರಿನಲ್ಲಿ, ಮೆಟ್ಟಿಲ ಮೇಲೆ, ಹೊರಗೆ ಬೀದಿಯಲ್ಲಿ ಬಾಯಿಂದ ಬಾಯಿಗೆ ಹೋಯಿತು. ಬೇಕರಿಯವನ ಕಾಲರ್ ಬಿಡುಗಡೆಯಾಯಿತು. ಪ್ಲಾಸ್ಟಿಕ್ ಹಾಳೆಯವನು ನಿಟ್ಟುಸಿರು ಬಿಟ್ಟು ಹೊರಟುಹೋದ.

ಅಧಿಕಾರಿಗಳು ಚೌಕಟ್ಟನ್ನು ತಾವೇ ಕೆಳಗಿಳಿಸಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು. ಗೊತ್ತಪ್ಪನವರಿಗೆ ಬೈಯಲಿಲ್ಲ. ಕ್ಷಮಾಪಣೆಯ ಪತ್ರಗಳ ಕಟ್ಟನ್ನು ಕೈಗಿತ್ತು, “ಅಂಚೆಗೆ ಹಾಕೋದು ಬೇಡ. ನೀವೇ ಮನೆಮನೆಗೆ ಕೊಟ್ಟು ಬನ್ನಿ,” ಎಂದರು. ಬೈದಿದ್ದರೆ ಎಷ್ಟೋ ಮೇಲಿತ್ತು.

ಮನೆಮನೆಯಲ್ಲೂ ಜನ ಅವರನ್ನು ಕೂರಿಸಿದರು, ಕುಡಿಯಲು ಕೊಟ್ಟರು, “ಪರವಾಗಿಲ್ಲ ಬಿಡಿ” ಎಂದರು. ಬೈಗುಳಕ್ಕೆ ಸಿದ್ಧರಾಗಿ ಹೋದ ಮನುಷ್ಯನಿಗೆ ‘ಪರವಾಗಿಲ್ಲ’ ಎಂಬುದು ಎಷ್ಟು ಭಾರವಾದ ಮಾತೆಂದು ಅವರಿಗೆ ಆ ದಿನಗಳಲ್ಲಿ ತಿಳಿಯಿತು. ಮುದುಕರ ಮನೆಯಲ್ಲಿ ಮಾತ್ರ ಅಜ್ಜಿ ಪತ್ರವನ್ನು ಗಂಡನ ಮುಂದೆ ಆಡಿಸಿ, “ನೋಡಿದ್ರಾ, ಯಾರೂ ಇಲ್ವಂತೆ,” ಎಂದು ನಕ್ಕರು. ಮುದುಕರು ಅಂದು ಊಟ ಸ್ವಲ್ಪ ಕಡಿಮೆ ಮಾಡಿದರಂತೆ.

ನಾದಿನಿಯ ಪತ್ರವನ್ನು ಅವರು ಕಟ್ಟಿನ ಅಡಿಗೆ ಹಾಕುತ್ತ ಹಾಕುತ್ತ ಬಂದರು. ಕೊನೆಗೆ ಅದೊಂದೇ ಉಳಿಯಿತು.

ಮಾವನ ಮನೆಯಲ್ಲಿ ನಾದಿನಿ ಕೋಣೆಯಿಂದ ಹೊರಗೆ ಬಂದು, ನಿಂತುಕೊಂಡೇ ಪತ್ರ ಓದಿ, ಮಡಿಸಿದಳು.

“ಇನ್ನೇನಮ್ಮ, ಎಲ್ಲಾ ಸರಿಹೋಯ್ತಲ್ಲ,” ಎಂದರು ಗೊತ್ತಪ್ಪನವರು. “ಗಂಡನ ಮನೆಗೆ ಹೊರಡು.”

“ಹೇಗೆ ಹೋಗ್ಲಿ ಭಾವ?” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಅವರು ಇಲ್ಲ, ಇಲ್ಲ ಅಂತ ಎಷ್ಟು ಹೇಳಿದ್ರು. ತಾಯಿ ಮೇಲೆ ಆಣೆ ಇಟ್ರು. ನಾನು ಕೇಳ್ಲಿಲ್ಲ. ಪತ್ರ ಒಂದೇ ಆಗಿದ್ರೆ ಏನೋ ತಪ್ಪಾಗಿದೆ ಅಂದ್ಕೋತಿದ್ದೆ. ನಮ್ಮ ಭಾವ ಗೊತ್ತು ಅಂದಿದಾರೆ, ಅವರು ಗೊತ್ತಿಲ್ದೆ ಮಾತಾಡೋರಲ್ಲ ಅಂತ ಇವರ ಕೆಲಸದ ಜಾಗಕ್ಕೇ ಹೋಗಿ ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದೆ. ಬಾಯಿಗೆ ಬಂದಿದ್ದೆಲ್ಲ ಅಂದೆ.”

ಗೊತ್ತಪ್ಪನವರು ಕುರ್ಚಿಯಲ್ಲಿ ಕುಳಿತಿದ್ದರು. ಜನ ತಮ್ಮ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಾರೆ, ಹಿಂದಿನಿಂದ ನಗುತ್ತಾರೆ ಎಂದು ಅವರಿಗೆ ಒಳಗೊಳಗೇ ಅನುಮಾನವಿತ್ತು. ಒಬ್ಬಳು ಇಷ್ಟು ವರ್ಷ ನಿಜವೆಂದೇ ನಂಬಿಕೊಂಡು ಬಂದಿದ್ದಾಳೆ ಎಂಬುದು ಅವರ ಲೆಕ್ಕದಲ್ಲೇ ಇರಲಿಲ್ಲ. ಕುರ್ಚಿ ಮುಳ್ಳಾಯಿತು.

“ನಾನು ಹೋಗಿ ಅವರಿಗೆ ಹೇಳ್ತೀನಿ,” ಎಂದರು.

“ಕೆಲಸದಲ್ಲಿದಾರೆ. ಆ ಎತ್ತರದ ಕಟ್ಟಡದಲ್ಲಿ.”

“ಅಲ್ಲಿಗೇ ಹೋಗ್ತೀನಿ.”

ಆ ಕಟ್ಟಡದಲ್ಲಿ ಲಿಫ್ಟು ಕೆಟ್ಟಿತ್ತು. ಅದಕ್ಕೇ ಮೆಕ್ಯಾನಿಕ್ ಅಲ್ಲಿದ್ದದ್ದು. ಗೊತ್ತಪ್ಪನವರು ಮೆಟ್ಟಿಲು ಹತ್ತಿದರು. ಪ್ರತಿ ಮಹಡಿಯಲ್ಲೂ ಲಿಫ್ಟಿನ ಬಾಗಿಲುಗಳನ್ನು ತೆರೆದು ಅಡ್ಡಕ್ಕೆ ಹಗ್ಗ ಕಟ್ಟಿದ್ದರು. ಏದುಸಿರು ಬಿಡುತ್ತ ಮೇಲಿನ ಮಹಡಿಗೆ ಬಂದರೆ ಅಲ್ಲಿದ್ದ ಕಾವಲುಗಾರ ಕೆಳಗೆ ಕೈ ತೋರಿಸಿದ. ಹಗ್ಗದಾಚೆ ಬಗ್ಗಿ ನೋಡಿದರು. ಬಾವಿಯಂಥ ಕತ್ತಲು, ನಡುವೆಲ್ಲೋ ಲಿಫ್ಟಿನ ನೆತ್ತಿಯ ಮೇಲೆ ಒಂದು ಪುಟ್ಟ ದೀಪ, ದೀಪದ ಬಳಿ ಒಂದು ತಲೆ.

“ಸ್ವಲ್ಪ ಮೇಲೆ ಬರ್ತೀರಾ? ಮಾತಾಡೋದಿತ್ತು.”

“ಈಗ ಬರೋಕಾಗಲ್ಲ ಭಾವ. ಎರಡೂ ಕೈಯಲ್ಲಿ ಕೆಲಸ ಇದೆ. ಅಲ್ಲಿಂದಲೇ ಹೇಳಿ.”

ಗೊತ್ತಪ್ಪನವರು ಆಚೀಚೆ ನೋಡಿದರು. ಕಾವಲುಗಾರ ಆಕಾಶ ನೋಡುತ್ತಿದ್ದ. ಅವರು ಕತ್ತಲೆಗೆ ಬಾಯಿಕೊಟ್ಟು ಹೇಳಿದರು: “ತಪ್ಪಾಯ್ತು.”

ಮಾತು ಗೋಡೆಯಿಂದ ಗೋಡೆಗೆ ಬಡಿದು ಮಹಡಿ ಮಹಡಿಯಾಗಿ ಇಳಿಯಿತು. ಕೆಳಗೆ ಎಲ್ಲೋ ಒಂದು ಮನೆಯ ಬಾಗಿಲು ತೆರೆದ ಸದ್ದಾಯಿತು.

“ಕೇಳಿಸ್ಲಿಲ್ಲ ಭಾವ.”

“ತಪ್ಪಾಯ್ತು ಅಂದೆ. ನಿಮಗೆ ಯಾರೂ ಇಲ್ಲ ಅಂತ...” ಅವರು ಉಸಿರೆಳೆದುಕೊಂಡರು. “ಇನ್ನೊಬ್ಬ ಹೆಂಡತಿ ಇಲ್ಲ. ನನಗೆ ಏನೂ ಗೊತ್ತಿರಲಿಲ್ಲ. ಸುಮ್ಮನೆ ಗೊತ್ತು ಅಂದೆ.”

ಈಗ ಎಲ್ಲ ಮಹಡಿಗಳಲ್ಲೂ ಬಾಗಿಲು ತೆರೆದ ಸದ್ದು. ಯಾರೋ ಮಕ್ಕಳನ್ನು ಸುಮ್ಮನಿರಿಸಿದರು, ಮಾತು ಸರಿಯಾಗಿ ಕೇಳಲೆಂದು.

ಕೆಳಗಿನ ದೀಪ ಸ್ವಲ್ಪ ಹೊತ್ತು ಅಲುಗಾಡದೆ ನಿಂತಿತು. “ಯಂತ್ರದ ಸದ್ದು ಜಾಸ್ತಿ ಭಾವ. ಇನ್ನೊಂದ್ಸಲ ಹೇಳಿ.”

ಯಂತ್ರ ಆಗ ನಡೆಯುತ್ತಿತ್ತೋ ಇಲ್ಲವೋ ಎಂದು ಕೇಳುವ ಸ್ಥಿತಿಯಲ್ಲಿ ಗೊತ್ತಪ್ಪನವರಿರಲಿಲ್ಲ. ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಹೇಳಿದರು. ಗೆರೆಯ ವಿಷಯ ಹೇಳಿದರು, ಫೋನಿನ ವಿಷಯ ಹೇಳಿದರು. “ಅವಳದು ತಪ್ಪಿಲ್ಲ. ನನ್ನನ್ನು ನಂಬಿದ್ದೇ ಅವಳ ತಪ್ಪು,” ಎಂದರು. ಕೊನೆಯ ಮಾತಿಗೆ ದನಿ ಸೀಳಿತು.

ಬಹಳ ಹೊತ್ತಿನ ಮೇಲೆ ಲಿಫ್ಟು ಗುರುಗುಟ್ಟುತ್ತ ಮೇಲೆ ಬಂತು. ಮೆಕ್ಯಾನಿಕ್ ಅದರ ನೆತ್ತಿಯಿಂದ ಇಳಿದು, ಕೈ ಒರೆಸಿಕೊಳ್ಳುತ್ತ, “ಬನ್ನಿ ಭಾವ, ಇಳಿದು ಹೋಗೋಣ,” ಎಂದ. ಒಳಗೆ ಮೂರು ಕಡೆಯೂ ಕನ್ನಡಿ. ಗೊತ್ತಪ್ಪನವರು ಮೆಟ್ಟಿಲ ಕಡೆ ನೋಡಿದರು. ಅಲ್ಲಿ ಕಂಬಿಗೆ ಒರಗಿಕೊಂಡು ಮಹಡಿಗೊಂದು ಸಂಸಾರ ನಿಂತಿತ್ತು. ಅವರು ಲಿಫ್ಟಿನೊಳಗೆ ಬಂದು ತಮ್ಮ ಚಪ್ಪಲಿಯನ್ನೇ ನೋಡುತ್ತ ನಿಂತರು.

ಕೆಳಗೆ ಬಾಗಿಲು ತೆರೆದಾಗ ನಾದಿನಿ ಅಲ್ಲಿದ್ದಳು, ಕೈಯಲ್ಲಿ ಬಟ್ಟೆಯ ಚೀಲ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಗಂಡಹೆಂಡತಿ ಒಬ್ಬರನ್ನೊಬ್ಬರು ನೋಡಲಿಲ್ಲ. ಅವನು ಚೀಲಕ್ಕೆ ಕೈ ಚಾಚಿ, ಕೈಯಲ್ಲಿ ಗ್ರೀಸಿದೆಯೆಂದು ಹಿಂದೆಗೆದ. ಅವಳು ತನ್ನ ಸೆರಗಿನ ತುದಿಯನ್ನು ಮುಂದೆ ಹಿಡಿದಳು. ಅವನು ಅದರಲ್ಲಿ ಕೈ ಒರೆಸಿಕೊಂಡ.

ಗೊತ್ತಪ್ಪನವರು ಚೀಲವನ್ನು ತಾವು ಎತ್ತಿಕೊಂಡರು. ಅವರಿಬ್ಬರೂ ಮುಂದೆ ನಡೆದರು, ಮೊದಲು ದೂರದೂರ, ಬೀದಿಯ ತಿರುವಿನ ಹೊತ್ತಿಗೆ ಹತ್ತಿರ. ಏನೋ ಮಾತು ಶುರುವಾಯಿತು. ಗೊತ್ತಪ್ಪನವರು ಹೆಜ್ಜೆ ನಿಧಾನ ಮಾಡಿ, ಆ ಮಾತು ತಮ್ಮ ಕಿವಿಗೆ ಬೀಳದಷ್ಟು ದೂರ ಬಿಟ್ಟುಕೊಂಡು ಹಿಂದೆ ಹಿಂದೆ ನಡೆದರು.